ಸ್ನೋ ಬ್ಲೋವರ್ ಕೊಳ್ಳುವ ಮುನ್ನ ಡ್ರೈವ್‌ವೇಯ ಬಾಯಿಯನ್ನು ನೋಡಿ

ರಾತ್ರಿಯಿಡೀ ಹಿಮ ಸುರಿದ ಮರುದಿನ ಬೆಳಿಗ್ಗೆ, ಮನೆಯಿಂದ ರಸ್ತೆಗೆ ಕಾರು ಹೋಗುವ ದಾರಿಯಾದ ಡ್ರೈವ್‌ವೇಯನ್ನು ಸಲಿಕೆಯಿಂದ ತೆರವು ಮಾಡಿ, ಇನ್ನು ಒಳಗೆ ಹೋಗೋಣವೆಂದು ತಿರುಗುವ ಹೊತ್ತಿಗೆ ರಸ್ತೆಯ ಹಿಮ ತಳ್ಳುವ ದೊಡ್ಡ ವಾಹನ ಬರುತ್ತದೆ. ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತದೆ. ಆದರೆ ರಸ್ತೆಯಿಂದ ಬದಿಗೆ ಸರಿದ ಹಿಮವೆಲ್ಲ ನಮ್ಮ ಡ್ರೈವ್‌ವೇಯ ಬಾಯಿಗೆ ಅಡ್ಡಲಾಗಿ ಮೊಣಕಾಲೆತ್ತರದ ದಿಬ್ಬವಾಗಿ ನಿಲ್ಲುತ್ತದೆ. ಆಕಾಶದಿಂದ ಬಿದ್ದ ಹಿಮ ಅರಳೆಯಂತೆ ಹಗುರವಾಗಿರಬಹುದು, ಈ ದಿಬ್ಬ ಹಾಗಿರುವುದಿಲ್ಲ. ಟೈರುಗಳಡಿ ಸಿಕ್ಕಿ ಅದುಮಿದ, ರಸ್ತೆಗೆ ಚೆಲ್ಲಿದ ಉಪ್ಪು ತಾಗಿ ಅರ್ಧ ಕರಗಿ ನೀರು ಕುಡಿದ, ನಡುನಡುವೆ ಮಂಜುಗಡ್ಡೆಯ ಹೆಂಟೆಗಳು ಸೇರಿಕೊಂಡ ರಾಶಿಯದು. ಕೆಲವು ಗಂಟೆ ಹಾಗೆಯೇ ಬಿಟ್ಟರೆ ಕಲ್ಲಾಗುತ್ತದೆ. ನಾಲ್ಕು ಚಳಿಗಾಲಗಳಲ್ಲಿ ಎರಡು ಯಂತ್ರಗಳನ್ನು ಬಳಸಿ ನಾನು ಕಂಡುಕೊಂಡದ್ದರಲ್ಲಿ ಮುಖ್ಯವಾದದ್ದು ಇದೇ: ಹಿಮವನ್ನು ಬಾಚಿ ದೂರಕ್ಕೆ ಎಸೆಯುವ ಯಂತ್ರವಾದ ಸ್ನೋ ಬ್ಲೋವರನ್ನು ಈ ದಿಬ್ಬಕ್ಕೆ ತಕ್ಕಂತೆ ಆರಿಸಬೇಕು. ಉಳಿದ ಡ್ರೈವ್‌ವೇಯನ್ನು ಹೆಚ್ಚುಕಡಿಮೆ ಯಾವ ಯಂತ್ರವಾದರೂ ತೆರವು ಮಾಡುತ್ತದೆ.

ತೂಕದ ಲೆಕ್ಕವೊಂದನ್ನು ಕಾಗದದ ಮೇಲೆ ಮಾಡಿ ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಹೊಸದಾಗಿ ಬಿದ್ದ ಒಣ ಹಿಮ ಒಂದು ಘನ ಮೀಟರಿಗೆ ಸುಮಾರು 50ರಿಂದ 100 ಕಿಲೋ ತೂಗುತ್ತದೆ. ಒದ್ದೆಯಾಗಿ ಕುಸಿದು ಗಟ್ಟಿಯಾದ ಹಿಮ 300 ಕಿಲೋವನ್ನೂ ದಾಟಬಲ್ಲದು. ಡ್ರೈವ್‌ವೇ 15 ಮೀಟರ್ ಉದ್ದ, 5 ಮೀಟರ್ ಅಗಲ ಇದ್ದು ಅದರ ಮೇಲೆ 20 ಸೆಂಟಿಮೀಟರ್ ಹಿಮ ಬಿದ್ದಿದೆ ಎಂದುಕೊಳ್ಳಿ. ಅದು 15 ಘನ ಮೀಟರ್ ಆಯಿತು. ಒಣ ಹಿಮವಾದರೆ ಒಂದೂವರೆ ಟನ್, ಒದ್ದೆ ಹಿಮವಾದರೆ ನಾಲ್ಕೂವರೆ ಟನ್. ಇನ್ನು ಬಾಯಿಯ ದಿಬ್ಬ: 5 ಮೀಟರ್ ಅಗಲಕ್ಕೆ, ಒಂದು ಮೀಟರ್ ದಪ್ಪಕ್ಕೆ, ಸರಾಸರಿ 40 ಸೆಂಟಿಮೀಟರ್ ಎತ್ತರಕ್ಕೆ ಎರಡು ಘನ ಮೀಟರ್ ಆಗುತ್ತದೆ, ಅಷ್ಟು ಅದುಮಿದ ಹಿಮವನ್ನು ಘನ ಮೀಟರಿಗೆ 400 ಕಿಲೋ ಎಂದು ಹಿಡಿದರೆ ಆ ಒಂದು ಪಟ್ಟಿಯೊಳಗೇ 800 ಕಿಲೋ ಕುಳಿತಿದೆ. ಇದನ್ನು ಸಲಿಕೆಯಲ್ಲಿ ಎತ್ತಿ ಎಸೆಯುವುದು ಬೆನ್ನಿಗಷ್ಟೇ ಅಪಾಯವಲ್ಲ. ಚಳಿಯಲ್ಲಿ ರಕ್ತನಾಳಗಳು ಸಂಕುಚಿಸಿರುವಾಗ ಒಮ್ಮೆಲೇ ಭಾರ ಎತ್ತುವುದರಿಂದ ಹೃದಯದ ಮೇಲೆ ಬೀಳುವ ಒತ್ತಡದ ಬಗ್ಗೆ ವೈದ್ಯರು ಪ್ರತಿ ಚಳಿಗಾಲವೂ ಎಚ್ಚರಿಸುತ್ತಾರೆ. ಐವತ್ತು ದಾಟಿದವರ ಮನೆಯಲ್ಲಿ ಈ ಯಂತ್ರವನ್ನು ಐಷಾರಾಮವೆಂದು ನಾನು ಎಣಿಸುವುದಿಲ್ಲ.

ನಾನು ಮೊದಲು ಕೊಂಡದ್ದು ಸಿಂಗಲ್ ಸ್ಟೇಜ್ ಯಂತ್ರ. ಇದರಲ್ಲಿ ಮುಂದಿರುವ ಆಗರ್, ಎಂದರೆ ತಿರುಪಿನ ಆಕಾರದ ಅಲಗು, ಹಿಮವನ್ನು ಬಾಚಿಕೊಳ್ಳುವ ಕೆಲಸವನ್ನೂ ಅದನ್ನು ಕೊಳವೆಯ ಮೂಲಕ ದೂರಕ್ಕೆ ಎಸೆಯುವ ಕೆಲಸವನ್ನೂ ತಾನೇ ಒಂದೇ ಸುತ್ತಿನಲ್ಲಿ ಮಾಡುತ್ತದೆ. ಅದರ ರಬ್ಬರ್ ಅಂಚು ನೆಲವನ್ನು ಸವರಿಕೊಂಡು ಹೋಗುವುದರಿಂದ ಕಾಂಕ್ರೀಟ್ ನೆಲ ಒರೆಸಿದಷ್ಟು ಚೊಕ್ಕಟವಾಗುತ್ತದೆ. ಯಂತ್ರ ಹಗುರ, ಇಡಲು ಹೆಚ್ಚು ಜಾಗ ಬೇಡ, ತಿರುಗಿಸುವುದು ಸುಲಭ. ಹದಿನೈದು ಇಪ್ಪತ್ತು ಸೆಂಟಿಮೀಟರ್ ಒಣ ಹಿಮದಲ್ಲಿ ಅದರ ಕೆಲಸ ನೋಡಲು ನನಗೆ ನಿಜಕ್ಕೂ ಸಂತೋಷವಾಗುತ್ತಿತ್ತು. ಆದರೆ ದಿಬ್ಬದ ಮುಂದೆ ಅದು ಪುಟಿದು ಮೇಲೇರುತ್ತಿತ್ತು. ಒತ್ತಿ ಹಿಡಿದರೆ ಮೇಲ್ಪದರವನ್ನು ಕೆರೆದು ನಿಲ್ಲುತ್ತಿತ್ತು, ಇನ್ನೂ ಒತ್ತಿದರೆ ಕೊಳವೆ ಒದ್ದೆ ಹಿಮದಿಂದ ಕಟ್ಟಿಕೊಳ್ಳುತ್ತಿತ್ತು. ಆ ಚಳಿಗಾಲವಿಡೀ ದಿಬ್ಬವನ್ನು ಮೊದಲು ಸಲಿಕೆಯಿಂದ ಒಡೆದು, ಪುಡಿಯನ್ನು ಯಂತ್ರಕ್ಕೆ ಉಣಿಸಿದ್ದಾಯಿತು. ಯಂತ್ರದಲ್ಲಿ ದೋಷವೇನೂ ಇರಲಿಲ್ಲ. ಅದನ್ನು ರೂಪಿಸಿದ ಕೆಲಸವೇ ಬೇರೆ. ನಿಮ್ಮ ರಸ್ತೆಗೆ ಹಿಮ ತಳ್ಳುವ ವಾಹನ ಬಾರದಿದ್ದರೆ, ಡ್ರೈವ್‌ವೇ ಚಿಕ್ಕದಾಗಿದ್ದು ಕಾಂಕ್ರೀಟಿನದೋ ಡಾಂಬರಿನದೋ ಆಗಿದ್ದರೆ, ಇದಕ್ಕಿಂತ ದೊಡ್ಡದರ ಅಗತ್ಯವಿಲ್ಲ ಎಂದೇ ಈಗಲೂ ಹೇಳುತ್ತೇನೆ.

ಟೂ ಸ್ಟೇಜ್ ಯಂತ್ರದಲ್ಲಿ ಕೆಲಸ ಎರಡು ಪಾಲಾಗುತ್ತದೆ. ಮುಂದಿನ ಉಕ್ಕಿನ ಆಗರ್ ನಿಧಾನವಾಗಿ ತಿರುಗುತ್ತ ಹಿಮವನ್ನು ಕಡಿದು ನಡುವಿಗೆ ಎಳೆದುಕೊಳ್ಳುತ್ತದೆ. ಅದರ ಹಿಂದೆ ಬಹು ವೇಗವಾಗಿ ಸುತ್ತುವ ಇಂಪೆಲ್ಲರ್ ಎಂಬ ಫ್ಯಾನು ಅದನ್ನು ಕೊಳವೆಯಿಂದ ಹೊರಗೆ ಚಿಮ್ಮಿಸುತ್ತದೆ. ಕಡಿಯುವುದಕ್ಕೆ ಬಲ ಬೇಕು, ಎಸೆಯುವುದಕ್ಕೆ ವೇಗ ಬೇಕು. ಇವೆರಡನ್ನೂ ಒಂದೇ ಅಲಗಿನಿಂದ ಪಡೆಯಲು ಹೋದಾಗ ಆಗುವ ತೊಡಕು ಇಲ್ಲಿಲ್ಲ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ಆರ್ಥರ್ ಸಿಕಾರ್ 1925ರಲ್ಲಿ ರಸ್ತೆಗಳಿಗಾಗಿ ಸ್ನೋ ಬ್ಲೋವರನ್ನು ರೂಪಿಸಿದಾಗ ಅವನ ಕಣ್ಣಮುಂದಿದ್ದದ್ದು ಧಾನ್ಯ ಒಕ್ಕುವ ಯಂತ್ರವಂತೆ. ಬಾಚಿ ಒಳಗೆಳೆದು ಇನ್ನೊಂದು ಕಡೆಯಿಂದ ತೂರಿ ಹೊರಹಾಕುವ ಆ ಕ್ರಮವನ್ನು ಟೂ ಸ್ಟೇಜ್ ಯಂತ್ರದ ಮುಂದೆ ನಿಂತಾಗಲೆಲ್ಲ ನಾನು ಗುರುತಿಸುತ್ತೇನೆ. ಮೂರನೆಯ ಹಂತವೊಂದನ್ನು ಸೇರಿಸಿದ ತ್ರೀ ಸ್ಟೇಜ್ ಯಂತ್ರಗಳೂ ಇವೆ. ಬಹು ದೊಡ್ಡ ಅಂಗಳ, ಬಹು ಭಾರದ ಹಿಮ ಇದ್ದವರು ಅವನ್ನು ಯೋಚಿಸಬಹುದು. ಸಾಮಾನ್ಯ ಮನೆಗೆ ಟೂ ಸ್ಟೇಜ್ ಸಾಕು.

ಇನ್ನು ಅಗಲದ ಪ್ರಶ್ನೆ. ಅಂಗಡಿಯಲ್ಲಿ ಎಲ್ಲರ ಕಣ್ಣೂ ಮೊದಲು ಹೋಗುವುದು ಯಂತ್ರದ ಬಾಯಿ ಎಷ್ಟು ಅಂಗುಲ ಎಂಬ ಕಡೆಗೆ. 24 ಅಂಗುಲದ ಯಂತ್ರ ಸುಮಾರು 61 ಸೆಂಟಿಮೀಟರ್ ಬಾಚುತ್ತದೆ. ಒಂದು ಸಾಲಿನ ಮೇಲೆ ಇನ್ನೊಂದು ಸಾಲು ಸ್ವಲ್ಪ ಹಾಯುವಂತೆ ನಡೆಸಬೇಕಾದ್ದರಿಂದ ಲೆಕ್ಕಕ್ಕೆ ಸಿಗುವುದು 50 ಸೆಂಟಿಮೀಟರ್. ಐದು ಮೀಟರ್ ಅಗಲಕ್ಕೆ ಹತ್ತು ಸಾಲುಗಳಾದವು. 30 ಅಂಗುಲದ ಯಂತ್ರವಾದರೆ ಎಂಟು ಸಾಲು. ಉಳಿಯುವುದು ಎರಡು ಸಾಲು ಮಾತ್ರ. ಅದಕ್ಕೆ ತೆರುವುದು ಹೆಚ್ಚಿನ ತೂಕ, ತಿರುಗಿಸುವ ಕಷ್ಟ, ಗ್ಯಾರೇಜಿನಲ್ಲಿ ಹೆಚ್ಚಿನ ಜಾಗ. ಇದಕ್ಕಿಂತ ಮುಖ್ಯವಾದದ್ದು ಎಂಜಿನ್ನಿಗೂ ಅಗಲಕ್ಕೂ ಇರುವ ಹೊಂದಾಣಿಕೆ. ಅದೇ ಎಂಜಿನ್ನನ್ನು ಅಗಲವಾದ ಬಾಯಿಗೆ ಜೋಡಿಸಿದರೆ ಪ್ರತಿ ಹೆಜ್ಜೆಗೂ ಹೆಚ್ಚು ಹಿಮ ಒಳಗೆ ನುಗ್ಗುತ್ತದೆ, ಎಂಜಿನ್ ಏದುಸಿರು ಬಿಡುತ್ತದೆ, ಇಂಪೆಲ್ಲರಿನ ವೇಗ ಇಳಿಯುತ್ತದೆ, ಹಿಮ ದೂರ ಹೋಗದೆ ಕೊಳವೆಯಲ್ಲೇ ಕಟ್ಟಿಕೊಳ್ಳುತ್ತದೆ. 24 ಅಂಗುಲಕ್ಕೆ 200 ಸಿಸಿಗಿಂತ ಕಡಿಮೆಯದನ್ನು, 28 ಅಂಗುಲಕ್ಕೆ 250 ಸಿಸಿಗಿಂತ ಕಡಿಮೆಯದನ್ನು ನಾನಾದರೆ ಒಪ್ಪುವುದಿಲ್ಲ. ಕಿರಿದಾದ ಬಾಯಿ, ಬಲವಾದ ಎಂಜಿನ್: ದಿಬ್ಬಕ್ಕೆ ಬೇಕಾದದ್ದು ಈ ಜೋಡಿ. ಬಾಯಿಯ ಎತ್ತರವನ್ನೂ ಅಳೆಯಿರಿ. ದಿಬ್ಬ ಅದಕ್ಕಿಂತ ಎತ್ತರವಾದರೆ ಮೇಲಿನ ಹಿಮ ಯಂತ್ರದ ನೆತ್ತಿಯ ಮೇಲೆ ಕುಸಿದು ಬೀಳುತ್ತದೆ.

ನೆಲ ಯಾವುದೆಂಬುದು ಈ ಆಯ್ಕೆಯನ್ನು ಕೆಲವೊಮ್ಮೆ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತದೆ. ಜಲ್ಲಿ ಹರಡಿದ ಡ್ರೈವ್‌ವೇಗೆ ಸಿಂಗಲ್ ಸ್ಟೇಜ್ ತರಲೇಬಾರದು. ನೆಲ ಸವರುವ ಆಗರ್ ಕಲ್ಲುಗಳನ್ನು ಹೆಕ್ಕಿ ಕವಣೆಯಂತೆ ಎಸೆಯುತ್ತದೆ. ಟೂ ಸ್ಟೇಜ್ ಯಂತ್ರದ ಎರಡು ಬದಿಗಳಲ್ಲಿ ಸ್ಕಿಡ್ ಶೂ ಎಂಬ ಜಾರುಪಟ್ಟಿಗಳಿರುತ್ತವೆ. ಅವುಗಳ ಬೋಲ್ಟು ಸಡಿಲಿಸಿ ಯಂತ್ರದ ಬಾಯಿಯನ್ನು ಜಲ್ಲಿಯ ಮೇಲೆ ಎರಡು ಮೂರು ಸೆಂಟಿಮೀಟರ್ ಎತ್ತರದಲ್ಲಿ ನಿಲ್ಲಿಸಬಹುದು. ತೆಳುವಾದ ಹಿಮದ ಪದರ ಉಳಿಯುತ್ತದೆ, ಅದು ಅದುಮಿಕೊಂಡು ಕಲ್ಲುಗಳನ್ನು ಹಿಡಿದಿಡುತ್ತದೆ. ಎರಡು ಬದಿಯ ಎತ್ತರವೂ ಸಮವಾಗಿರಬೇಕು, ಇಲ್ಲವಾದರೆ ಯಂತ್ರ ಒಂದು ಕಡೆಗೆ ಎಳೆಯುತ್ತಿರುತ್ತದೆ.

ಬ್ಯಾಟರಿಯೋ ಪೆಟ್ರೋಲೋ ಎಂಬ ಪ್ರಶ್ನೆಯನ್ನು ನನಗೆ ಸ್ನೇಹಿತರು ಹೆಚ್ಚಾಗಿ ಕೇಳುತ್ತಾರೆ, ನಾನೂ ಇದರ ಮೇಲೆ ಬಹಳ ದಿನ ಯೋಚಿಸಿದ್ದೇನೆ. ಬ್ಯಾಟರಿ ಯಂತ್ರ ಗುಂಡಿ ಒತ್ತಿದೊಡನೆ ಹೊರಡುತ್ತದೆ, ಹೊಗೆಯಿಲ್ಲ, ಸದ್ದು ಕಡಿಮೆಯಾದ್ದರಿಂದ ನಸುಕಿನಲ್ಲಿ ನೆರೆಯವರ ನಿದ್ದೆ ಕೆಡುವುದಿಲ್ಲ. ಇವನ್ನು ಹೋಲಿಸುವಾಗ ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿರುವ ವೋಲ್ಟ್ ಸಂಖ್ಯೆಯನ್ನು ಮಾತ್ರ ನೋಡಬೇಡಿ. ವೋಲ್ಟನ್ನು ಆಂಪಿಯರ್ ಅವರ್‌ನಿಂದ ಗುಣಿಸಿದರೆ ಬರುವ ವಾಟ್ ಅವರ್ ಲೆಕ್ಕವೇ ಬ್ಯಾಟರಿಯೊಳಗೆ ಎಷ್ಟು ಶಕ್ತಿ ಇದೆಯೆಂದು ಹೇಳುವುದು: 56 ವೋಲ್ಟಿನ 5 ಆಂಪಿಯರ್ ಅವರ್ ಬ್ಯಾಟರಿಯಲ್ಲಿ 280 ವಾಟ್ ಅವರ್, 40 ವೋಲ್ಟಿನ 8 ಆಂಪಿಯರ್ ಅವರ್ ಬ್ಯಾಟರಿಯಲ್ಲಿ 320. ಕಡಿಮೆ ವೋಲ್ಟಿನದೇ ಹೆಚ್ಚು ಹೊತ್ತು ನಡೆಯಬಹುದು. ಲಿಥಿಯಂ ಬ್ಯಾಟರಿ ಚಳಿಯಲ್ಲಿ ತನ್ನ ಪೂರ್ಣ ಶಕ್ತಿಯನ್ನು ಕೊಡುವುದಿಲ್ಲ; ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಿದರೆ ಒಳಗೆ ಶಾಶ್ವತ ಹಾನಿಯಾಗುತ್ತದೆ. ಆದ್ದರಿಂದ ಬ್ಯಾಟರಿ ಮನೆಯೊಳಗೆ ಬೆಚ್ಚಗಿದ್ದು, ಕೆಲಸದ ಹೊತ್ತಿಗೆ ಮಾತ್ರ ಹೊರಗೆ ಬರಬೇಕು. ಒಣ ಹಿಮ ಬೀಳುವ ಕಡೆ, ಎರಡು ಕಾರು ನಿಲ್ಲುವಷ್ಟು ಜಾಗಕ್ಕೆ ಇದು ಒಳ್ಳೆಯ ಆಯ್ಕೆ. ಆದರೆ ಒದ್ದೆ ಹಿಮದ ದಿನ, ದಿಬ್ಬವನ್ನು ಅರ್ಧ ಕಡಿದಾಗ ಶಕ್ತಿ ಮುಗಿದರೆ, ಇನ್ನೊಂದು ಬ್ಯಾಟರಿ ಇಲ್ಲದಿದ್ದಲ್ಲಿ ಚಾರ್ಜ್ ಆಗುವವರೆಗೆ ಕಾಯುವುದೊಂದೇ ದಾರಿ, ಅಷ್ಟರಲ್ಲಿ ಉಳಿದರ್ಧ ಕಲ್ಲಾಗಿರುತ್ತದೆ. ಪೆಟ್ರೋಲ್ ಯಂತ್ರಕ್ಕಾದರೆ ಎಂಜಿನ್ ತಣಿದ ಮೇಲೆ ಡಬ್ಬಿಯಿಂದ ಇನ್ನಷ್ಟು ಸುರಿದರಾಯಿತು. ನನ್ನ ಡ್ರೈವ್‌ವೇಯ ಉದ್ದ ನೋಡಿ ನಾನು ಪೆಟ್ರೋಲನ್ನೇ ಆರಿಸಿದೆ. ವೈರು ಎಳೆದುಕೊಂಡು ಹೋಗುವ ವಿದ್ಯುತ್ ಯಂತ್ರಗಳು ಮೆಟ್ಟಿಲಿನ ಮುಂದಿನ ಚಿಕ್ಕ ಜಾಗಕ್ಕೆ ಸರಿ. ಅಲ್ಲೂ ವೈರು ಆಗರಿಗೆ ಸಿಕ್ಕದಂತೆ ಸದಾ ಕಣ್ಣಿಟ್ಟಿರಬೇಕು.

ಪೆಟ್ರೋಲಿನ ಯಂತ್ರ ಕೊಂಡವರು ಅದರ ಆರೈಕೆಯನ್ನೂ ಒಪ್ಪಿಕೊಂಡಂತೆ. ಬೇಸಿಗೆಯಿಡೀ ಟ್ಯಾಂಕಿನಲ್ಲಿ ಉಳಿದ ಪೆಟ್ರೋಲ್ ಕೆಟ್ಟು ಕಾರ್ಬ್ಯುರೇಟರಿನ ಸಣ್ಣ ರಂಧ್ರಗಳಲ್ಲಿ ಅಂಟಾಗಿ ಕೂರುತ್ತದೆ. ಮೊದಲ ಹಿಮದ ದಿನ ಯಂತ್ರ ಹೊರಡದಿರಲು ಇದೇ ಬಹುತೇಕ ಕಾರಣ. ಚಳಿಗಾಲ ಮುಗಿದೊಡನೆ ಟ್ಯಾಂಕನ್ನೂ ಕಾರ್ಬ್ಯುರೇಟರನ್ನೂ ಬರಿದು ಮಾಡಬೇಕು, ಅಥವಾ ಪೆಟ್ರೋಲ್ ಬೇಗ ಕೆಡದಂತೆ ತಡೆಯುವ ಸ್ಟೆಬಿಲೈಸರ್ ಬೆರೆಸಿ ಕೆಲವು ನಿಮಿಷ ಓಡಿಸಿ ನಿಲ್ಲಿಸಬೇಕು. ಎಂಜಿನ್ ಆಯಿಲ್ ಚಳಿಗೆ ತಕ್ಕದ್ದಾಗಿರಲಿ, ಸಾಮಾನ್ಯವಾಗಿ 5ಡಬ್ಲ್ಯೂ-30 ಹಾಕುತ್ತಾರೆ. ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ ಹೊರಡಿಸುವ ಎಲೆಕ್ಟ್ರಿಕ್ ಸ್ಟಾರ್ಟ್ ಇರುವುದನ್ನೇ ಕೊಳ್ಳಿ. ಕೊರೆಯುವ ಬೆಳಿಗ್ಗೆ ಹಗ್ಗ ಎಳೆದು ಭುಜ ನೋಯಿಸಿಕೊಂಡವನಾಗಿ ಹೇಳುತ್ತಿದ್ದೇನೆ.

ಅಂಗಡಿಯಲ್ಲಿ ಯಂತ್ರದ ಹಿಂದೆ ನಿಂತು, ದಪ್ಪ ಕೈಗವಸು ತೊಟ್ಟು, ಪ್ರತಿ ಹಿಡಿಕೆಯನ್ನೂ ಅಲ್ಲಾಡಿಸಿ ನೋಡಬೇಕು. ಕೊಳವೆಯ ದಿಕ್ಕು ಬದಲಿಸುವ ಹಿಡಿಕೆ ನಿಂತಲ್ಲಿಂದಲೇ ಸಿಗಬೇಕು, ಏಕೆಂದರೆ ಪ್ರತಿ ಸಾಲಿನ ಕೊನೆಯಲ್ಲಿ ಅದನ್ನು ತಿರುಗಿಸಬೇಕಾಗುತ್ತದೆ. ಟೂ ಸ್ಟೇಜ್ ಯಂತ್ರದ ಗಾಲಿಗಳು ತಾವೇ ಉರುಳುತ್ತವೆಯಾದರೂ, ಎರಡೂ ಒಟ್ಟಿಗೆ ಉರುಳುವಾಗ ತಿರುಗಿಸುವುದು ಎಮ್ಮೆಯನ್ನು ತಿರುಗಿಸಿದಂತೆ. ಒಂದು ಬದಿಯ ಗಾಲಿಯನ್ನು ಬಿಡಿಸುವ ಲಿವರ್ ಇರುವ ಯಂತ್ರ ಸಣ್ಣ ಮೈಯವರಿಗೂ ಒಗ್ಗುತ್ತದೆ. ನಮ್ಮ ಮನೆಯಲ್ಲಿ ಇದನ್ನು ನಾನೊಬ್ಬನೇ ನಡೆಸುವುದಿಲ್ಲವಾದ್ದರಿಂದ ಹೆಂಡತಿಯೂ ಅಂಗಡಿಗೆ ಬಂದು, ಎರಡು ಯಂತ್ರಗಳನ್ನು ತಿರುಗಿಸಿ ನೋಡಿದಳು. ನಾನು ಮೆಚ್ಚಿದ್ದ 28 ಅಂಗುಲದ್ದನ್ನು ಬಿಟ್ಟು 24 ಅಂಗುಲದ್ದನ್ನು ತಂದದ್ದು ಅವಳ ಮಾತಿನಿಂದಲೇ. ಇಳಿಜಾರು ಕಡಿದಾಗಿದ್ದವರು ಗಾಲಿಯ ಬದಲು ಪಟ್ಟಾ ಇರುವ ಯಂತ್ರವನ್ನು ನೋಡಬೇಕು. ದೀಪ ಉಪಯುಕ್ತ, ಬಿಸಿಯಾಗುವ ಹಿಡಿ ಇದ್ದರೆ ಒಳ್ಳೆಯದು.

ಶಿಯರ್ ಪಿನ್ನುಗಳ ಬಗ್ಗೆ ಮಾರುವವರು ತಾವಾಗಿ ಹೇಳುವುದು ಕಡಿಮೆ. ಆಗರನ್ನು ಅದರ ದಂಡಕ್ಕೆ ಬಿಗಿಯುವ ಈ ಮೊಳೆಗಳನ್ನು ಬೇಕೆಂದೇ ಮೆತ್ತಗೆ ಮಾಡಿರುತ್ತಾರೆ. ಆಗರಿಗೆ ಹೆಪ್ಪುಗಟ್ಟಿದ ಹೆಂಟೆಯೋ ದಿನಪತ್ರಿಕೆಯ ಸುರುಳಿಯೋ ಸಿಕ್ಕಾಗ ಪಿನ್ ಮುರಿದು ಗೇರ್ ಪೆಟ್ಟಿಗೆಯನ್ನು ಉಳಿಸುತ್ತದೆ. ಪಿನ್ ಮುರಿದರೆ ಅದೇ ಅಳತೆಯ ಅದೇ ಪಿನ್ನನ್ನೇ ಹಾಕಬೇಕು. ಮನೆಯಲ್ಲಿದ್ದ ಗಟ್ಟಿ ಬೋಲ್ಟು ಹಾಕಿದರೆ ಮುಂದಿನ ಸಲ ಮುರಿಯುವುದು ಗೇರ್. ಯಂತ್ರದ ಜೊತೆಗೇ ಆರು ಪಿನ್ ತಂದಿಡಿ.

ಇನ್ನೊಂದು ಸಂಗತಿಯನ್ನು ಒತ್ತಿ ಹೇಳಬೇಕು. ಕೊಳವೆ ಕಟ್ಟಿಕೊಂಡಾಗ ಅದರೊಳಗೆ ಕೈ ಹಾಕಬಾರದು, ಎಂಜಿನ್ ಆರಿಸಿದ ಮೇಲೂ ಹಾಕಬಾರದು. ಸಿಕ್ಕಿಕೊಂಡ ಇಂಪೆಲ್ಲರಿನಲ್ಲಿ ಬಿಗಿದ ಬಲ ಉಳಿದಿರಬಹುದು. ಹಿಮ ಸಡಿಲಗೊಂಡ ಕ್ಷಣ ಅದು ಸ್ವಲ್ಪ ತಿರುಗಿದರೂ ಬೆರಳು ಹೋಗುತ್ತದೆ. ಎಂಜಿನ್ ಆರಿಸಿ, ಕೀಲಿ ತೆಗೆದು, ಎಲ್ಲವೂ ನಿಂತಿದೆಯೆಂದು ಖಚಿತಪಡಿಸಿಕೊಂಡು, ಯಂತ್ರದ ಜೊತೆ ಬರುವ ಕೋಲಿನಿಂದಲೇ ಹಿಮವನ್ನು ಬಿಡಿಸಬೇಕು. ಆ ಕೋಲು ಸಿಕ್ಕಿಸಲು ಯಂತ್ರದ ಮೇಲೆ ಸರಿಯಾದ ಜಾಗ ಇದೆಯೇ ಎಂದು ಕೊಳ್ಳುವಾಗಲೇ ನೋಡಿ. ಕೈಗೆ ಸಿಗದ ಕೋಲನ್ನು ಯಾರೂ ಹುಡುಕಿಕೊಂಡು ಹೋಗುವುದಿಲ್ಲ. ಕೈ ಬಿಟ್ಟರೆ ಆಗರ್ ನಿಲ್ಲುವಂತೆ ಮಾಡಿರುವ ಲಿವರನ್ನು ಎಂದೂ ಹಗ್ಗದಿಂದ ಕಟ್ಟಬೇಡಿ. ಗ್ಯಾರೇಜಿನೊಳಗೆ ಎಂಜಿನ್ ಹೊರಡಿಸಿ ಬೆಚ್ಚಗಾಗಲು ಬಿಡಬೇಡಿ, ಬಾಗಿಲು ತೆರೆದಿದ್ದರೂ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಮನೆಯೊಳಕ್ಕೆ ಸೇರಬಹುದು.

ಈಗಿನ ಯಂತ್ರ ಬಂದು ಮೂರು ಚಳಿಗಾಲಗಳಾದವು. ದಿಬ್ಬವನ್ನು ಅದು ಮೊದಲ ಗೇರಿನಲ್ಲಿ, ಅರ್ಧ ಅಗಲದ ತುತ್ತುಗಳಾಗಿ ಕಡಿಯುತ್ತದೆ. ನಾನು ತಳ್ಳುವುದಿಲ್ಲ, ಅದರ ನಡಿಗೆಗೆ ನನ್ನ ನಡಿಗೆಯನ್ನು ಹೊಂದಿಸಿಕೊಳ್ಳುತ್ತೇನೆ. ನೆಲ ಹೆಪ್ಪುಗಟ್ಟುವ ಮುನ್ನ ಡ್ರೈವ್‌ವೇಯ ಎರಡು ಅಂಚುಗಳಲ್ಲೂ ಎರಡು ಮೀಟರಿಗೊಂದರಂತೆ ಬಣ್ಣದ ಕೋಲು ನೆಡುತ್ತೇನೆ, ಬಾಯಿಯ ಎರಡು ಮೂಲೆಗಳಿಗೆ ಎತ್ತರದವು. ಹಿಮ ಎಲ್ಲವನ್ನೂ ಮುಚ್ಚಿದ ಮೇಲೆ ಅಂಚಿನ ಕಲ್ಲು ಎಲ್ಲಿದೆಯೆಂದು ಯಂತ್ರಕ್ಕೂ ಅದನ್ನು ನಡೆಸುವವರಿಗೂ ಆ ಕೋಲುಗಳೇ ತೋರಿಸುತ್ತವೆ.