ನನ್ನ ಹೆಸರಿಗೆ ಮಾತ್ರ ತೆರೆದಿದ್ದ ಬಾಗಿಲು

ನಾನು ಟೆಸ್ಟಿಂಗ್‌ನಲ್ಲಿದ್ದವಳು. ಒಂದು ದಿನ ಮ್ಯಾನೇಜರ್ ಕರೆದು, "ಇನ್ಮೇಲೆ ಕೋಡ್ ಸರ್ವರ್ ನೀವೇ ನೋಡ್ಕೊಳ್ಳಿ ಮೇಡಂ, ಹೇಗೂ ನಿಮ್ಮ ಕೆಲಸ ಅಚ್ಚುಕಟ್ಟು" ಅಂದರು. ಅಚ್ಚುಕಟ್ಟಾಗಿ ಕೆಲಸ ಮಾಡುವವರಿಗೆ ಸಿಗುವ ಬಹುಮಾನ ಇನ್ನೊಂದು ಕೆಲಸವೇ ಅಲ್ವಾ!

ನಮ್ಮದು ಬೆಂಗಳೂರಿನ ಸಣ್ಣ ಕಂಪನಿ. ಅಂಗಡಿ, ಗೋದಾಮುಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುತ್ತೇವೆ. ಆಗ ಇದ್ದದ್ದು 30 ಜನ. ಕೋಡ್ ಎಲ್ಲ ಒಂದು ಶೇರ್ಡ್ ಫೋಲ್ಡರ್‌ನಲ್ಲಿ. ಅದರೊಳಗೆ 'ಫೈನಲ್', 'ಫೈನಲ್ ನ್ಯೂ', ಆಮೇಲೆ 'ಫೈನಲ್ ನ್ಯೂ ಮುಟ್ಟಬೇಡಿ'. ಗಿರಾಕಿಗಳಿಗೆ ಹೋಗುತ್ತಿದ್ದದ್ದು ಆ ಮೂರನೆಯದು. ಹಾಗಾಗಿ ಎಲ್ಲರೂ ಮುಟ್ಟುತ್ತಿದ್ದದ್ದೂ ಅದನ್ನೇ. ಪೈಸೆ ರೌಂಡ್ ಆಫ್ ಮಾಡುವಲ್ಲಿ ಒಂದು ತಪ್ಪಿತ್ತು. ಅದನ್ನು ಇಬ್ಬರು ಬೇರೆ ಬೇರೆ ದಿನ ಸರಿ ಮಾಡಿದರು. ಮೂರನೆಯವರು ತಮ್ಮ ಹಳೇ ಫೈಲ್ ತಂದು ಅದರ ಮೇಲೆ ಇಟ್ಟರು. ತಪ್ಪು ಮತ್ತೆ ಬಂತು. ಯಾರು ಇಟ್ಟರು ಅಂತ ಹೇಳೋಕೆ ಯಾವ ಗುರುತೂ ಇರಲಿಲ್ಲ.

ಯಾರು, ಯಾವಾಗ, ಏನು ಬದಲಿಸಿದರು ಅಂತ ಲೆಕ್ಕ ಇಡುವ ಸಾಫ್ಟ್‌ವೇರ್ ಬೇಕಿತ್ತು. ನಾನು ಆರಿಸಿದ್ದು ಸಬ್‌ವರ್ಷನ್. ಅದರ 1.0 ಬಂದದ್ದು 2004ರಲ್ಲಿ, ಅದೇ ಕೆಲಸ ಮಾಡುವ ಗಿಟ್ ಹುಟ್ಟಿದ್ದು 2005ರಲ್ಲಿ. ಗಿಟ್ ಇದ್ದೂ ಹಳೆಯದನ್ನು ಯಾಕೆ ತಂದಿರಿ ಅಂತ ಈಗಲೂ ಕೇಳುತ್ತಾರೆ. ನಮ್ಮ ಬಿಲ್‌ಗಳ ರಿಪೋರ್ಟ್ ಡಿಸೈನ್ ಫೈಲ್‌ಗಳು ಬೈನರಿ, ಅಂದರೆ ಸಾಲು ಸಾಲಾಗಿ ಓದೋಕೆ ಬಾರದವು. ಇಬ್ಬರು ಒಟ್ಟಿಗೆ ತಿದ್ದಿದರೆ ಎರಡನ್ನೂ ಸೇರಿಸೋಕೆ ದಾರಿಯೇ ಇಲ್ಲ, ಒಬ್ಬರ ಕೆಲಸ ಕಸದ ಬುಟ್ಟಿಗೆ. ಸಬ್‌ವರ್ಷನ್‌ನಲ್ಲಿ 'ನೀಡ್ಸ್ ಲಾಕ್' ಅಂತ ಒಂದು ಗುಣ ಹಚ್ಚಿಟ್ಟರೆ, ಬೀಗ ತಗೊಳ್ಳುವ ತನಕ ಫೈಲ್ ಬರೀ ಓದೋಕೆ ಮಾತ್ರ ತೆರೆಯುತ್ತದೆ. ನಮಗೆ ಅಷ್ಟು ಸಾಕಿತ್ತು.

ಆಮೇಲೆ ಕಾವಲು ಹಾಕಿದೆ. ಕೋಡಿನಲ್ಲಿ ಮಾಡಿದ ಬದಲಾವಣೆಯನ್ನು ಸರ್ವರ್‌ಗೆ ಸೇರಿಸಿದರೆ ಅದು ಒಂದು ಕಮಿಟ್; ಏನು, ಯಾಕೆ ಬದಲಿಸುತ್ತೇವೆ ಅಂತ ಮೊದಲೇ ತುಂಬುವ ಫಾರ್ಮ್ ಟಿಕೆಟ್. ಟಿಕೆಟ್ ನಂಬರ್ ಇಲ್ಲದ ಕಮಿಟ್ ಸರ್ವರ್ ಒಳಗೆ ಬರಕೂಡದು. ಇದಕ್ಕೆ ಪ್ರಿ-ಕಮಿಟ್ ಹುಕ್ ಅಂತ, ಪ್ರತಿ ಕಮಿಟ್ ಒಳಗೆ ಬರುವ ಮೊದಲು ಸಬ್‌ವರ್ಷನ್ ತಾನೇ ಓಡಿಸುವ ಒಂದು ಸಣ್ಣ ಸ್ಕ್ರಿಪ್ಟ್ ಬರೆಯಬೇಕು. ನಾನು ಕೈಯಾರೆ ಓಡಿಸಿದರೆ ಚೆನ್ನಾಗಿ ಓಡುತ್ತಿತ್ತು. ಸಬ್‌ವರ್ಷನ್ ಓಡಿಸಿದರೆ ಎಲ್ಲರ ಕಮಿಟ್ಟೂ ತಿರಸ್ಕಾರ, ನಂಬರ್ ಇದ್ದವರದ್ದೂ. ಎರಡು ದಿನ ತಲೆ ಕೆಟ್ಟಿತು. ಕೊನೆಗೆ ಗೊತ್ತಾಗಿದ್ದು ಇಷ್ಟು: ಸಬ್‌ವರ್ಷನ್ ತನ್ನ ಹುಕ್‌ಗಳನ್ನು ಬರಿಗೈಯಲ್ಲಿ ಕಳಿಸುತ್ತದೆ. ಎನ್ವಿರಾನ್‌ಮೆಂಟ್, ಅಂದರೆ ಸ್ಕ್ರಿಪ್ಟ್ ಜೊತೆ ಹೋಗಬೇಕಾದ ಸೆಟ್ಟಿಂಗ್‌ಗಳು, ಪೂರ್ತಿ ಖಾಲಿ; ಪ್ರೋಗ್ರಾಮ್‌ಗಳನ್ನು ಎಲ್ಲಿ ಹುಡುಕಬೇಕು ಅಂತ ಹೇಳುವ ಪಾತ್ ಕೂಡ ಇರುವುದಿಲ್ಲ. ಸ್ಕ್ರಿಪ್ಟ್ ಕರೆಯುವ ಪ್ರತಿಯೊಂದು ಪ್ರೋಗ್ರಾಮಿಗೂ ಪೂರ್ತಿ ವಿಳಾಸ ಬರೆಯಬೇಕು. ಬರೆದೆ, ಸರಿಹೋಯಿತು. ತಿರಸ್ಕಾರದ ಸಂದೇಶ ಕನ್ನಡದಲ್ಲಿರಲಿ ಅಂತ ಆಸೆಪಟ್ಟು ಹಾಕಿದ್ದೆ. ಎದುರಿನ ಪರದೆಯಲ್ಲಿ ಅದು ಪ್ರಶ್ನೆ ಚಿಹ್ನೆ, ಅಂಕಿಗಳ ಮೆರವಣಿಗೆಯಾಗಿ ಬಂತು. ಕೊನೆಗೆ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆದೆ: "ಟಿಕೆಟ್ ನಂಬರ್ ಹಾಕಿ, ಸ್ವಲ್ಪ ಸಹಕರಿಸಿ."

ಜನ ಸಹಕರಿಸಿದರು, ತಮ್ಮದೇ ರೀತಿಯಲ್ಲಿ. ಯಾರೋ 'ಸಣ್ಣಪುಟ್ಟ ಬದಲಾವಣೆ' ಅಂತ ಒಂದು ಟಿಕೆಟ್ ತೆರೆದರು. ಅದರ ನಂಬರ್ 117. ಒಂದೂವರೆ ತಿಂಗಳಲ್ಲಿ ಅರ್ಧಕ್ಕರ್ಧ ಕಮಿಟ್ 117ರ ಹೆಸರಿಗೇ ಹೋಗಿತ್ತು. ಚಹಾ ಅಂಗಡಿಯಲ್ಲೂ ಅದೇ ಮಾತು. ಊಟದ ಹೊತ್ತಿಗೆ ಸುಮ್ನೆ ಹೊರಗೆ ಹೋಗುವವರು "ಎಲ್ಲಿಗೆ?" ಅಂದರೆ "117" ಅನ್ನುತ್ತಿದ್ದರು.

ಸಿಟ್ಟು ಬಂತು. ಸೀನಿಯರ್ ಒಬ್ಬರನ್ನು ಕೂರಿಸಿಕೊಂಡು ಕೇಳಿದೆ. ಅವರು ಮೌಸ್ ಹಿಡಿದು ನನ್ನ ಫಾರ್ಮ್ ತೆರೆದರು. "ಮೇಡಂ, ಎಣಿಸಿ. ಒಂದು ಕಾಮಾ ತಿದ್ದೋಕೆ 14 ಕಾಲಂ ತುಂಬಬೇಕು." ನಿಜಕ್ಕೂ 14 ಇತ್ತು. ದೊಡ್ಡ ಕಂಪನಿಗಳ ನಮೂನೆ ನೋಡಿ ನಾನೇ ಮಾಡಿದ್ದು. ಬಿಸಿನೆಸ್ ಇಂಪ್ಯಾಕ್ಟ್, ರಿಸ್ಕ್ ಲೆವೆಲ್, ಇನ್ನೂ ಏನೇನೋ. 'ವಾಪಸ್ ಹೋಗುವುದು ಹೇಗೆ' ಅನ್ನೋ ಕಾಲಂ, ಅಂದರೆ ಬದಲಾವಣೆ ಕೆಟ್ಟರೆ ಮೊದಲಿನ ಸ್ಥಿತಿಗೆ ಮರಳುವ ದಾರಿ, ಬೇರೆಲ್ಲಕ್ಕಿಂತ ಮುಖ್ಯವಾದದ್ದು. ಅಲ್ಲಿ ಎಲ್ಲರೂ ಒಂದು ಚುಕ್ಕಿ ಇಟ್ಟು ಮುಂದೆ ಹೋಗಿದ್ದರು. ಖಾಲಿ ಬಿಟ್ಟರೆ ಫಾರ್ಮ್ ತಗೊಳ್ಳುವುದಿಲ್ಲ, ಚುಕ್ಕಿ ಇಟ್ಟರೆ ತಗೊಳ್ಳುತ್ತದೆ. ಸಂಜೆಯೊಳಗೆ ನಾಲ್ಕೇ ಕಾಲಂ ಉಳಿಸಿದೆ: ಏನು, ಯಾಕೆ, ಯಾರು ನೋಡುತ್ತಾರೆ, ವಾಪಸ್ ಹೋಗುವುದು ಹೇಗೆ. 117 ಮುಚ್ಚಿದೆ. ಮುಚ್ಚಿದ ಟಿಕೆಟ್‌ನ ನಂಬರನ್ನು ಒಪ್ಪಬಾರದು ಅಂತ ಹುಕ್‌ಗೂ ಹೇಳಿಕೊಟ್ಟೆ.

ಇಲ್ಲಿಯವರೆಗೂ ಕಥೆಯಲ್ಲಿ ತಪ್ಪು ಮಾಡುವವರು ಬೇರೆಯವರು, ತಿದ್ದುವವಳು ನಾನು. ಮುಂದೆ ಹಾಗಿಲ್ಲ.

ಮಾರನೇ ವರ್ಷ ಸರ್ವರ್‌ನ ಡಿಸ್ಕ್ ಹೋಯಿತು. ಬ್ಯಾಕಪ್ ಇತ್ತು. ದಿನಾ ರಾತ್ರಿ ಸಬ್‌ವರ್ಷನ್‌ನ ಡಂಪ್ ಅನ್ನುವ ಕಮಾಂಡ್‌ನಿಂದ ಪ್ರತಿ ತಗೊಳ್ಳುತ್ತಿದ್ದೆ. ಹೊಸ ಡಿಸ್ಕ್ ಹಾಕಿ, ಲೋಡ್ ಮಾಡಿ, ಮಧ್ಯಾಹ್ನದೊಳಗೆ ಎಲ್ಲ ಮೊದಲಿನ ಹಾಗೆ. ಮ್ಯಾನೇಜರ್ ಎಲ್ಲರೆದುರು ಹೊಗಳಿದರು, ನಾನೂ ನಾಚಿಕೊಳ್ಳುತ್ತಾ ಹೊಗಳಿಸಿಕೊಂಡೆ. ಒಂಬತ್ತು ದಿನ ಆದ ಮೇಲೆ ಹೊಸದಾಗಿ ಸೇರಿದ್ದ ಹುಡುಗ ನನ್ನ ಟೇಬಲ್ ಹತ್ತಿರ ಬಂದು ನಿಂತ. "ಮೇಡಂ, ಟಿಕೆಟ್ ನಂಬರ್ ಹಾಕೋದು ಮರೆತೆ. ಆದ್ರೂ ತಗೊಂಡ್ತಲ್ಲ, ಪರವಾಗಿಲ್ವಾ?"

ಸಬ್‌ವರ್ಷನ್‌ನ ಡಂಪ್‌ನಲ್ಲಿ ಕೋಡೂ ಇರುತ್ತದೆ, ಇತಿಹಾಸವೂ ಇರುತ್ತದೆ. ಹುಕ್‌ಗಳು ಇರುವುದಿಲ್ಲ, ಸೆಟ್ಟಿಂಗ್ ಫೈಲ್‌ಗಳೂ ಇರುವುದಿಲ್ಲ. ಅವೂ ಬೇಕಾದರೆ ಹಾಟ್‌ಕಾಪಿ ಅನ್ನುವ ಬೇರೆ ಕಮಾಂಡ್ ಓಡಿಸಬೇಕು. ಅಂದರೆ ಮನೆ ಕಟ್ಟಿ ಮುಗಿಸಿ ಬಾಗಿಲು ಇಡುವುದನ್ನೇ ಮರೆತಿದ್ದೆ. ಒಂಬತ್ತು ದಿನ ಯಾರು ಬೇಕಾದರೂ ಏನು ಬೇಕಾದರೂ ಒಳಗೆ ತರಬಹುದಿತ್ತು.

ಎದೆ ಹೊಡೆದುಕೊಳ್ಳುತ್ತಾ ಲಾಗ್, ಅಂದರೆ ಕಮಿಟ್‌ಗಳ ಪಟ್ಟಿ, ತೆಗೆದೆ. ಆ ದಿನಗಳಲ್ಲಿ 212 ಕಮಿಟ್. ನಂಬರ್ ಇಲ್ಲದವು 19. ಕಾವಲು ಇಲ್ಲದಿದ್ದರೂ ಉಳಿದವರು ಅಭ್ಯಾಸಬಲದಿಂದ ನಂಬರ್ ಹಾಕುತ್ತಲೇ ಇದ್ದರು. ಆ 19ರಲ್ಲಿ 11 ನನ್ನವು.

ನನಗೆ ಅಭ್ಯಾಸವೇ ಆಗಿರಲಿಲ್ಲ, ಯಾಕೆಂದರೆ ಹಳೇ ಹುಕ್‌ನ ಮೊದಲ ಸಾಲಿನಲ್ಲೇ ನಾನು ಬರೆದಿಟ್ಟಿದ್ದೆ: ಬಂದದ್ದು ನನ್ನ ಹೆಸರಿನವಳಾದರೆ ಏನೂ ಕೇಳಬೇಡ, ಬಿಡು. ರಾತ್ರಿ ಹೊತ್ತು ಸರ್ವರ್ ಕೆಲಸ ಇರುತ್ತದೆ ಅಂತ ಅವತ್ತು ಸಮಾಧಾನ ಹೇಳಿಕೊಂಡಿದ್ದೆ. ಆ 11ರಲ್ಲಿ ಒಂದು, ಬಿಲ್ ಪ್ರಿಂಟ್ ಮಾರ್ಜಿನ್‌ನ ತಿದ್ದುಪಡಿ. ಯಾರಿಗೂ ತೋರಿಸದೆ ರಿಲೀಸ್ ಬ್ರಾಂಚ್‌ಗೆ ಹಾಕಿದ್ದೆ. ಅದು ಗಿರಾಕಿಗಳ ಹತ್ತಿರ ಹೋಗಿ, ಚಿಕ್ಕ ಪ್ರಿಂಟರ್ ಇದ್ದವರ ಬಿಲ್‌ನಲ್ಲಿ ಕೊನೆಯ ಸಾಲು ಕತ್ತರಿಸಿ ಹೋಗಿತ್ತು. ಕೊನೆಯ ಸಾಲು ಅಂದರೆ ಒಟ್ಟು ಮೊತ್ತ. ಆ ವಾರ ಸಪೋರ್ಟ್‌ನವರು ಇಡೀ ದಿನ ಬೈಸಿಕೊಂಡದ್ದು ಇದಕ್ಕೇ. ಯಾರು ಮಾಡಿದ್ದು ಅಂತ ಹುಡುಕುತ್ತಿದ್ದರು, ನಾನೂ ಅವರ ಜೊತೆ ಹುಡುಕುತ್ತಿದ್ದೆ.

ಅಮೆರಿಕದ ನೈಟ್ ಕ್ಯಾಪಿಟಲ್ ಅನ್ನೋ ಕಂಪನಿಯ ಕಥೆ ಓದಿದ್ದು ಆಮೇಲೆ. 2012ರ ಆಗಸ್ಟ್ 1. ಷೇರು ವ್ಯಾಪಾರದ ಹೊಸ ಕೋಡ್ 8 ಸರ್ವರ್‌ಗಳಿಗೆ ಹೋಗಬೇಕಿತ್ತು, 7ಕ್ಕೆ ಮಾತ್ರ ಹೋಗಿತ್ತು. ಉಳಿದ ಒಂದರಲ್ಲಿ ಎಷ್ಟೋ ವರ್ಷದಿಂದ ಮಲಗಿದ್ದ ಹಳೇ ಕೋಡ್ ಎದ್ದು ಕೂತು, ಸುಮಾರು 45 ನಿಮಿಷದಲ್ಲಿ 44 ಕೋಟಿ ಡಾಲರ್‌ಗೂ ಜಾಸ್ತಿ ನಷ್ಟ. ಎಂಟನೆಯ ಸರ್ವರ್ ಬಿಟ್ಟುಹೋಗಿದೆ ಅಂತ ನೋಡೋಕೆ ಎರಡನೆಯವರು ಯಾರೂ ಇರಲಿಲ್ಲ. ನಮ್ಮದು ಬಿಲ್‌ನ ಒಂದು ಸಾಲು, ನಿಜ. ಆದರೆ ಎರಡನೆಯ ಕಣ್ಣು ನಮ್ಮಲ್ಲೂ ಇರಲಿಲ್ಲ. ಇಲ್ಲದ ಹಾಗೆ ಮಾಡಿದವಳು ನಾನೇ.

ಮಾರನೇ ಬೆಳಗ್ಗೆ ಎಲ್ಲರೆದುರು ಹೇಳಿಬಿಟ್ಟೆ. ಹೇಳುವಾಗ ಗಂಟಲು ಒಣಗಿತ್ತು. ಯಾರೂ ಬೈಯಲಿಲ್ಲ. ಹಿಂದಿನಿಂದ ಒಬ್ಬರು "117" ಅಂದರು, ಎಲ್ಲರೂ ನಕ್ಕರು. ಅವತ್ತೇ ಹುಕ್‌ನಿಂದ ನನ್ನ ಹೆಸರಿನ ಸಾಲು ತೆಗೆದೆ. ಹುಕ್ ಸ್ಕ್ರಿಪ್ಟೂ ಈಗ ರೆಪೊಸಿಟರಿಯಲ್ಲೇ, ಅಂದರೆ ಸಬ್‌ವರ್ಷನ್‌ನ ಉಗ್ರಾಣದಲ್ಲಿ ಉಳಿದ ಕೋಡ್ ಜೊತೆಗೇ ಇದೆ, ಅದನ್ನು ತಿದ್ದೋಕೂ ಟಿಕೆಟ್ ಬೇಕು. ರಾತ್ರಿಯ ಬ್ಯಾಕಪ್ ಹಾಟ್‌ಕಾಪಿ ಆಯಿತು. ತಿಂಗಳಿಗೊಮ್ಮೆ ಬ್ಯಾಕಪ್ಪನ್ನು ಮೂಲೆಯಲ್ಲಿರುವ ಹಳೇ ಕಂಪ್ಯೂಟರ್‌ಗೆ ಇಳಿಸಿ, ನಂಬರ್ ಇಲ್ಲದ ಒಂದು ಕಮಿಟ್ ಬೇಕಂತಲೇ ಕಳಿಸುತ್ತೇವೆ. ಅದು ತಿರಸ್ಕಾರ ಆದರೆ ಮಾತ್ರ ಬ್ಯಾಕಪ್ ಸರಿಯಿದೆ ಅಂತ ಲೆಕ್ಕ. ಇದನ್ನು ನಾನು ಮಾಡುವುದಿಲ್ಲ, ಆ ಹೊಸ ಹುಡುಗ ಮಾಡುತ್ತಾನೆ.

ಆಯುಧ ಪೂಜೆಯ ಹಿಂದಿನ ರಾತ್ರಿ, ಸುಮಾರು ಹನ್ನೊಂದೂವರೆ. ಸರ್ವರ್‌ಗೆ ಆಗಲೇ ಕುಂಕುಮ ಹಚ್ಚಿ, ಹೂವಿನ ಸರ ಹಾಕಿ ಎಲ್ಲರೂ ಮನೆಗೆ ಹೋಗಿದ್ದರು. ಒಂದು ಸೆಟ್ಟಿಂಗ್ ತುರ್ತಾಗಿ ಬದಲಿಸಬೇಕಾಯಿತು. ಮನೆಯಿಂದಲೇ ಕಮಿಟ್ ಮಾಡಿದೆ. ಪರದೆ ಮೇಲೆ ನನ್ನದೇ ಸಾಲು ಬಂದು ಕೂತಿತು: "ಟಿಕೆಟ್ ನಂಬರ್ ಹಾಕಿ, ಸ್ವಲ್ಪ ಸಹಕರಿಸಿ." ಬೈದುಕೊಂಡು ಟಿಕೆಟ್ ತೆರೆದೆ, ನೋಡುವವರ ಜಾಗದಲ್ಲಿ ಆ ಹುಡುಗನ ಹೆಸರು ಹಾಕಿ ಫೋನ್ ಮಾಡಿದೆ. ನಿದ್ದೆಗಣ್ಣಿನಲ್ಲೇ ಲ್ಯಾಪ್‌ಟಾಪ್ ತೆರೆದು ಓದಿದ.

"ಮೇಡಂ, ವಾಪಸ್ ಹೋಗೋದು ಹೇಗೆ ಅನ್ನೋ ಕಡೆ..."

ಚುಕ್ಕಿ ಇಟ್ಟಿದ್ದೆ.