ಕಾಡಿನಲ್ಲಿದ್ದವರಿಗೆ ಕಾಗದ ಎಲ್ಲಿಂದ ಬಂತು?

ಅಮೆರಿಕದ ಕೆಂಟಕಿ ರಾಜ್ಯದ ಗ್ರಂಥಾಲಯವೊಂದರಲ್ಲಿ ಶನಿವಾರಗಳಂದು ವಂಶಾವಳಿ ಹುಡುಕುವವರಿಗೆ ನೆರವಾಗುತ್ತೇನೆ ಎಂದರೆ ಊರಿನ ಬಂಧುಗಳು ಕೇಳುವುದು ಒಂದೇ: "ಇನ್ನೂರೈವತ್ತು ವರ್ಷಗಳ ಹಿಂದೆ ಕಾಡು ಕಡಿದು ಮರದ ದಿಮ್ಮಿಗಳ ಮನೆ ಕಟ್ಟಿಕೊಂಡವರ ಕಥೆಯನ್ನು ಬರೆದಿಟ್ಟವರು ಯಾರು?"

ಅವರ ಜಗಳಗಳೇ ಬರೆಸಿಟ್ಟವು ಎನ್ನುತ್ತೇನೆ.

ಕೆಂಟಕಿಯ ಕಾಡಿಗೆ ವಲಸಿಗರಿಗೆ ದಾರಿ ತೆರೆದ ಡೇನಿಯಲ್ ಬೂನ್ ಮನೆತನವನ್ನೇ ನೋಡಿ. ಅಜ್ಜ ಜಾರ್ಜ್ 1717ರಲ್ಲಿ ಇಂಗ್ಲೆಂಡಿನ ಡೆವನ್‌ನಿಂದ ಪೆನ್ಸಿಲ್ವೇನಿಯಾಕ್ಕೆ ಬಂದ; ಕ್ವೇಕರ್ ಎಂಬ ಕ್ರೈಸ್ತ ಪಂಥದವನು. ಕ್ವೇಕರರಿಗೆ ಆಗ ಪಂಥದ ಹೊರಗೆ ಮದುವೆ ನಿಷಿದ್ಧವಾಗಿತ್ತು. ಡೇನಿಯಲನ ಅಕ್ಕ ಸಾರಾ 1742ರಲ್ಲಿ ಹೊರಗಿನವನನ್ನು, ಅದೂ ಬಸುರಿಯಾಗಿ, ಮದುವೆಯಾದಳು. ತಂದೆತಾಯಿ ಪಂಥದ ಸಭೆಯೆದುರು ತಪ್ಪೊಪ್ಪಿಕೊಳ್ಳಬೇಕಾಯಿತು. 1747ರಲ್ಲಿ ಅಣ್ಣ ಇಸ್ರೇಲನೂ ಹಾಗೆಯೇ ಮಾಡಿದಾಗ ತಂದೆ ಮಗನ ಪಕ್ಷ ವಹಿಸಿದ, ಬಹಿಷ್ಕಾರ ಬಿತ್ತು. 1750ರಲ್ಲಿ ಜಮೀನು ಮಾರಿ ನಾರ್ತ್ ಕೆರೊಲಿನಾದ ದಾರಿ ಹಿಡಿದ. ಸಭೆಗೆ ವಿಧೇಯರಾಗಿದ್ದವರ ಬಗ್ಗೆ ನಡಾವಳಿಯಲ್ಲಿ ಇಷ್ಟು ವಿವರ ಸಿಗುವುದಿಲ್ಲ.

ಆದರೆ ಆ ನಡಾವಳಿಯ ತಾರೀಖುಗಳನ್ನು ಕಣ್ಣು ಮುಚ್ಚಿ ನಂಬಬಾರದು. 1752ಕ್ಕೆ ಮುಂಚೆ ಅಲ್ಲಿ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತು, ಕ್ವೇಕರರು ತಿಂಗಳನ್ನು ಹೆಸರಿನ ಬದಲು ಸಂಖ್ಯೆಯಲ್ಲಿ ಬರೆಯುತ್ತಿದ್ದರು. ಅವರ ಎಂಟನೆಯ ತಿಂಗಳು ಅಕ್ಟೋಬರ್! 1734ರಲ್ಲಿ ಹುಟ್ಟಿದ ಡೇನಿಯಲನಿಗೆ ಅಕ್ಟೋಬರ್ 22, ನವೆಂಬರ್ 2 ಎಂದು ಎರಡು ಜನ್ಮದಿನಗಳಿರುವುದು ಪಂಚಾಂಗ ಬದಲಾದದ್ದರಿಂದ.

ಹೆಸರುಗಳದ್ದು ಬೇರೆಯೇ ತಲೆನೋವು. 'ಸ್ಕ್ವೈರ್' ಬಿರುದಲ್ಲ, ಡೇನಿಯಲನ ತಂದೆಯ ಹೆಸರು, ತಮ್ಮನದೂ ಅದೇ. ಇಸ್ರೇಲ್ ಅಣ್ಣನ ಹೆಸರು. 1782ರ ಬ್ಲೂ ಲಿಕ್ಸ್ ಕಾಳಗದಲ್ಲಿ ಸತ್ತ ಡೇನಿಯಲನ ಮಗನದೂ ಅದೇ. ತಾತನ ಹೆಸರನ್ನು ಮೊಮ್ಮಗನಿಗಿಡುವ ನಮಗೆ ಇದು ಹೊಸದೇನಲ್ಲ.

ಕೆಂಟಕಿಯ 1790ರ ಜನಗಣತಿಯ ಹಾಳೆಗಳು ಉಳಿದಿಲ್ಲ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಜಮೀನು ಹಿಡಿದವನು ತೆರಿಗೆ ಪುಸ್ತಕಕ್ಕೆ ಬಂದೇ ಬರುತ್ತಾನೆ, ಎಕರೆ, ಕುದುರೆಗಳ ಲೆಕ್ಕದ ಸಮೇತ. ಮರ, ಹಳ್ಳಗಳನ್ನೇ ಗುರುತು ಮಾಡಿ ಅಳೆದ ಜಮೀನುಗಳು ಒಂದರ ಮೇಲೊಂದು ಬಿದ್ದು ವ್ಯಾಜ್ಯಗಳೂ ಬೇಕಾದಷ್ಟು. ಎಷ್ಟೋ ಹೆಂಡತಿಯರ ಹೆಸರು ಸಿಗುವುದು ಗಂಡ ಜಮೀನು ಮಾರಿದ ಪತ್ರದಲ್ಲಿ ಮಾತ್ರ: ತನ್ನ ಹಕ್ಕು ಬಿಟ್ಟುಕೊಡಲು ಆಕೆ ಒಪ್ಪಿದ್ದಾಳೆಯೇ ಎಂದು ಅವಳನ್ನು ಪ್ರತ್ಯೇಕವಾಗಿ ಕರೆದು ಕೇಳುತ್ತಿದ್ದರು.

ಈ ಕಾಡಿಗೆ ಗುಲಾಮರಾಗಿ ಬಂದವರ ವಂಶಜರು ಬಂದು ಕೇಳಿದಾಗ ನಾನು ತಡವರಿಸುತ್ತೇನೆ. 1850ರ ಗಣತಿ ಮನೆಯ ಪ್ರತಿಯೊಬ್ಬ ಸ್ವತಂತ್ರ ವ್ಯಕ್ತಿಯ ಹೆಸರನ್ನೂ ಮೊದಲ ಬಾರಿಗೆ ಬರೆಯಿತು. ಗುಲಾಮರ ಪಟ್ಟಿಯಲ್ಲಾದರೋ ಇರುವುದು ಒಡೆಯನ ಹೆಸರೊಂದೇ. ಅದರಡಿ ವಯಸ್ಸು, ಲಿಂಗ, ಬಣ್ಣ. ಹೆಸರು ಬೇಕಿದ್ದರೆ ಸತ್ತ ಒಡೆಯನ ಆಸ್ತಿಪಟ್ಟಿ ತೆಗೆಯಬೇಕು. ಹಸು, ನೇಗಿಲುಗಳ ಸಾಲಿನಲ್ಲೇ ಅದು ಇರುತ್ತದೆ, ಪಕ್ಕದಲ್ಲಿ ಬೆಲೆ.