ತಮ್ಮ ಹುಟ್ಟಿದ್ದು ನಾಲ್ಕು ತಿಂಗಳು ತಡ

ಮೊನ್ನೆ ಶಿರಸಿಯಲ್ಲಿ ಛತ್ರಿ ರಿಪೇರಿಗೆ ಕೊಟ್ಟೆ. "ಕಡ್ಡಿ ಎರಡು ಮುರದಾವ ನೋಡ್ರಿ, ಎಷ್ಟಾಗ್ತೈತಿ?" ಎಂದೆ. ಅಂಗಡಿಯವರು ಕೆಲಸ ನಿಲ್ಲಿಸಿ ನನ್ನ ಮುಖ ನೋಡಿದರು. "ಕನ್ನಡ ಎಷ್ಟು ಚೊಲೋ ಮಾತಾಡ್ತೀರಿ ಮಾರಾಯ್ರೆ! ಯಾವ ಊರು?" ಮುಂಡಗೋಡ ಎಂದೆ. "ಅದಲ್ಲ, ಮೂಲ ಊರು?"

ಪಾಪ, ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು. ಆದರೆ ಪಕ್ಕದಲ್ಲಿ ನಿಂತಿದ್ದ ಹೆಂಗಸಿನ ಕನ್ನಡವನ್ನು ಅವರು ಹೊಗಳಲಿಲ್ಲ, ಅಲ್ವಾ?

ನಾನು ಮುಂಡಗೋಡದ ಟಿಬೆಟಿಯನ್ ಕಾಲೊನಿಯಲ್ಲಿ ಹುಟ್ಟಿದವಳು. ಪಾಲಾ, ಅಂದರೆ ಅಪ್ಪ, 1959ರಲ್ಲಿ ಅಜ್ಜನ ಬೆನ್ನ ಮೇಲೆ ಗಡಿ ದಾಟಿ ಬಂದವರು. ಅಜ್ಜ ಹಿಮಾಚಲದಲ್ಲಿ ರಸ್ತೆ ಕೆಲಸ ಮಾಡಿದರು. 1966ರಲ್ಲಿ ಮುಂಡಗೋಡದಲ್ಲಿ ಜಾಗ ಸಿಕ್ಕಿತು. ಆಗ ನಿಜಲಿಂಗಪ್ಪನವರು ಮುಖ್ಯಮಂತ್ರಿ. ಜಾಗ ಅಂದರೆ ಕಾಡು. ಕಡಿದು, ಸುಟ್ಟು ಹೊಲ ಮಾಡಿದರು. ನನಗೆ ಕನ್ನಡ ಕಲಿಸಿದ್ದು ಆ ಹೊಲವೇ. ಗೋವಿನಜೋಳದ ತೆನೆ ಮುರಿಯಲು ಬರುತ್ತಿದ್ದ ಹೆಂಗಸರ ಹಿಂದೆ ಹಿಂದೆ ಓಡಾಡಿ ಮಾತು ಕಲಿತೆ. ಅದಕ್ಕೇ ನನ್ನ ಬಾಯಲ್ಲಿ 'ಐತಿ', 'ಹೌದ್ರಿ' ಜಾಸ್ತಿ. ಶಿರಸಿಯಲ್ಲಿ ಕಾಲೇಜಿಗೆ ಬಂದಾಗ ಗೆಳತಿಯರು ನಕ್ಕಿದ್ದು ಇದಕ್ಕೇ. ನನ್ನ ಮುಖಕ್ಕಲ್ಲ. ನಿಜ ಹೇಳಬೇಕೆಂದರೆ ಆ ನಗು ನನಗೆ ಹಿತವಾಗಿತ್ತು. ಮುಂಡಗೋಡದ ಯಾವ ಹುಡುಗಿ ಬಂದಿದ್ದರೂ ಹಾಗೇ ನಗುತ್ತಿದ್ದರು.

ಈಗ ಅಡಿಕೆ ವ್ಯಾಪಾರಿಯೊಬ್ಬರಲ್ಲಿ ಲೆಕ್ಕ ಬರೆಯುತ್ತೇನೆ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಎಲ್ಲ ಕೈಯಲ್ಲಿ ಹಿಡಿದರೆ ಗೊತ್ತಾಗುತ್ತದೆ. ಸೀಸನ್ನಿನಲ್ಲಿ ಮೂಟೆ ತರುವ ಹೆಗಡೇರು, ಭಟ್ರು ಮೊದಲ ವರ್ಷ ನಾನು ಕೂಡಿಸಿದ ಲೆಕ್ಕವನ್ನು ಇನ್ನೊಮ್ಮೆ ಕೂಡಿಸಿ ನೋಡುತ್ತಿದ್ದರು. ಈಗ "ತಂಗಿ, ಇವತ್ತು ಚಾಲಿ ರೇಟ್ ಎಷ್ಟೇ?" ಎಂದು ಫೋನ್ ಮಾಡುತ್ತಾರೆ.

ಬಾಡಿಗೆ ಮನೆಯದ್ದು ಬೇರೆ ಕತೆ. ಫೋನಿನಲ್ಲಿ ಎಲ್ಲ ಸರಿಯಾಗಿತ್ತು. ಅಡ್ವಾನ್ಸ್ ಕೂಡ ಮಾತಾಗಿತ್ತು. ಮನೆಗೆ ಹೋದರೆ ಆ ಅಮ್ಮ ಬಾಗಿಲಲ್ಲೇ ಒಂದು ಕ್ಷಣ ತಡೆದರು. ಆಮೇಲೆ ಒಳಗೆ ಕರೆದರು, "ಆಸರಿಗೆ ಏನು ಬೇಕು?" ಎಂದು ಕೇಳಿದರು. ಮುರುಗಲು ಪಾನಕ ಕೊಟ್ಟರು. ಏಲಕ್ಕಿ ಹಾಕಿದ್ದರು, ರುಚಿ ಇನ್ನೂ ನೆನಪಿದೆ. ಅಡುಗೆಗೆ ಏನೇನು ಮಾಡುತ್ತೀರಿ ಎಂದು ಕೇಳಿದರು. ನಾನು ಸುಳ್ಳು ಹೇಳಲಿಲ್ಲ. ಲೋಟ ಖಾಲಿಯಾಗುವ ಹೊತ್ತಿಗೆ ಬೆಂಗಳೂರಿನಲ್ಲಿದ್ದ ಅವರ ಮಗ ಊರಿಗೆ ವಾಪಸು ಬರುವುದು ಗಟ್ಟಿಯಾಗಿತ್ತು. ಹೊರಡುವಾಗ ಕೈಗೆ ನಾಲ್ಕು ಬಾಳೆಹಣ್ಣು ಇಟ್ಟರು. 'ಮನೆ ಬಾಡಿಗೆಗೆ ಇದೆ' ಬೋರ್ಡು ಮೂರು ತಿಂಗಳು ಅಲ್ಲೇ ನೇತಾಡುತ್ತಿತ್ತು. ಬೈಯೋಣವೆಂದರೆ ಬಾಳೆಹಣ್ಣು ನೆನಪಾಗುತ್ತದೆ. ನಮ್ಮ ಕಡೆ ಮೀನು ತಿನ್ನುವವರಿಗೂ ಇದೇ ಉತ್ತರ ಸಿಗುತ್ತದೆ ಅನ್ನಿ.

ಜಾತ್ರೆಯಲ್ಲಿ ಹುಡುಗರು ಹಿಂದಿನಿಂದ "ಮೊಮೊ, ಮೊಮೊ" ಎಂದು ಕೂಗುತ್ತಾರೆ. ನಮ್ಮ ಭಾಷೆಯಲ್ಲಿ ಮೊಮೊ ಅಂದರೆ ಅಜ್ಜಿಯೂ ಹೌದು. ಬೈಗುಳ ಎಂದು ನೆನಪಾಗುವ ಮೊದಲು ಅಜ್ಜಿಯೇ ನೆನಪಾಗುತ್ತಾಳೆ. ಏನು ಮಾಡಲಿ?

ನನ್ನ ತಮ್ಮನನ್ನು ಯಾರೂ ಹಾಗೆ ಕೂಗುವುದಿಲ್ಲ. ಅವನು ಮುಂಡಗೋಡ ಬಿಟ್ಟು ಹೋದವನೇ ಅಲ್ಲ. ಅಪ್ಪನ ಹೊಲ ನೋಡಿಕೊಳ್ಳುತ್ತಾನೆ. ಸಂತೆಯಲ್ಲಿ ಹತ್ತು ಹೆಜ್ಜೆಗೊಬ್ಬ "ಏನಲೇ ದೋಸ್ತ" ಎನ್ನುತ್ತಾನೆ. ಅವನ ಕನ್ನಡದ ಬೈಗುಳಗಳು ನನಗೂ ಪೂರ್ತಿ ಬರುವುದಿಲ್ಲ.

ಆದರೆ ಭಾರತದ ಪ್ರಜೆ ನಾನು. ಅವನಲ್ಲ.

ಕಾನೂನು ಹೀಗಿದೆ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆಗಳು. ಆಮೇಲೆ ಹುಟ್ಟಿದವರಾದರೆ ತಂದೆ ತಾಯಿಯಲ್ಲಿ ಒಬ್ಬರಾದರೂ ಪ್ರಜೆ ಆಗಿರಬೇಕು. ನಾನು 1986ರ ಸೆಪ್ಟೆಂಬರಿನವಳು. ಅವನು 1987ರ ನವೆಂಬರಿನವನು. ಒಂದೇ ಮನೆ, ಒಂದೇ ತೊಟ್ಟಿಲು. ಅವನು ಇವತ್ತಿಗೂ ವಿದೇಶಿಯರ ನೋಂದಣಿ ಪುಸ್ತಕ ಹಿಡಿದು ರಿನ್ಯೂ ಮಾಡಿಸಲು ಹೋಗುತ್ತಾನೆ. ನಾವು ಅದನ್ನು ಆರ್‌ಸಿ ಎನ್ನುತ್ತೇವೆ. ಗಾಡಿಗೂ ಆರ್‌ಸಿ, ಮನುಷ್ಯನಿಗೂ ಆರ್‌ಸಿ ಎಂದು ಅವನೇ ನಗುತ್ತಾನೆ.

ನನ್ನಂಥವರಿಗೂ ಸುಮ್ನೆ ಸಿಕ್ಕಿದ್ದಲ್ಲ. 2010ರಲ್ಲಿ ದೆಹಲಿ ಹೈಕೋರ್ಟು, 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟು ಇವರೂ ಪ್ರಜೆಗಳೇ ಎಂದು ಹೇಳಬೇಕಾಯಿತು. 2014ರಲ್ಲಿ ಚುನಾವಣಾ ಆಯೋಗ ನಮ್ಮಂಥವರ ಹೆಸರು ಮತದಾರರ ಪಟ್ಟಿಗೆ ಸೇರಿಸಿಕೊಳ್ಳಿ ಎಂದಿತು. ನಾನು ಅರ್ಜಿ ಹಾಕಿದ್ದು ಗೊತ್ತಾಗಿ ಪಾಲಾ ಎರಡು ದಿನ ಮಾತು ಬಿಟ್ಟರು. ಕಾಗದ ತಗೊಂಡರೆ ಊರು ಮರೀತೀರಿ ಎಂಬುದು ಅವರ ಹೆದರಿಕೆ. ಕ್ಯಾಂಪಿನಲ್ಲಿ ಅರ್ಧ ಜನ ಹಾಗೇ ಅನ್ನುತ್ತಿದ್ದರು. ನಾನು ನೋಡದ ಊರನ್ನು ಮರೆಯುವುದು ಹೇಗೆ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ.

2018ರ ಮೇ ತಿಂಗಳಲ್ಲಿ ಮೊದಲ ಸಲ ವೋಟು ಹಾಕಿದೆ. ತಮ್ಮನೇ ಬೈಕಿನಲ್ಲಿ ಬೂತಿಗೆ ಕರೆದುಕೊಂಡು ಹೋದ. ಹೊರಗೆ ಮಾವಿನ ಮರದ ಕೆಳಗೆ ದೋಸ್ತರ ಜೊತೆ ನಿಂತಿದ್ದ. ಯಾರು ಗೆಲ್ಲುತ್ತಾರೆ ಎಂದು ಎಲ್ಲರಿಗಿಂತ ಜೋರಾಗಿ ವಾದ ಮಾಡುತ್ತಿದ್ದವನೂ ಅವನೇ. ನಾನು ಬಂದ ಮೇಲೆ ಬೆರಳು ಹಿಡಿದು ನೋಡಿದ. ಉಗುರಿನ ಮೇಲಿನ ಶಾಯಿಯನ್ನು ಹೆಬ್ಬೆರಳಿನಿಂದ ಒಂದು ಸಲ ಉಜ್ಜಿದ.

"ಹೋಗಂಗಿಲ್ಲೇನ ಇದು?" ಎಂದ.

"ತಿಂಗಳಾದರೂ ಇರತೈತಂತ" ಎಂದೆ. ಅವನು ಬೈಕಿಗೆ ಕಿಕ್ ಹೊಡೆದ.